ಕೆಂಪು ಬಕೆಟ್ಟು

ಬಟ್ಟೆ ಒಗೆಯುವ ಮಷೀನು ಮನೆಗೆ ಬಂದರೆ ಕೆಲಸ ಕಡಿಮೆಯಾಗುತ್ತದೆ ಎಂದು ಯಾವ ಪುಣ್ಯಾತ್ಮ ಹೇಳಿದನೋ, ಅವನು ಕೂಡ್ಲಿಗಿಯ ನಮ್ಮ ಬೀದಿಯಲ್ಲಿ ಒಂದು ವಾರ ಇದ್ದು ನೋಡಬೇಕು. ನಮ್ಮ ಮಷೀನು ಅರ್ಧ ಕೆಲಸ ತಾನು ಮಾಡುತ್ತದೆ, ಇನ್ನರ್ಧ ನನ್ನಿಂದ ಮಾಡಿಸುತ್ತದೆ. ಎಡಗಡೆ ಒಗೆಯುವ ತೊಟ್ಟಿ, ಬಲಗಡೆ ಹಿಂಡುವ ಬುಟ್ಟಿ. ನೀರು ನಾವೇ ತುಂಬಬೇಕು, ಒಗೆದದ್ದನ್ನು ಎಡದಿಂದ ಬಲಕ್ಕೆ ನಾವೇ ಎತ್ತಿ ಹಾಕಬೇಕು, ಕೊಳೆ ನೀರಿನ ಪೈಪನ್ನು ನಾವೇ ಕೆಳಗಿಳಿಸಬೇಕು. ಅದು ಮಾಡುವುದು ತಿರುಗುವುದೊಂದೇ. ಆದರೆ ತಿರುಗುವಾಗಿನ ಅದರ ಆರ್ಭಟ ಕೇಳಿದರೆ ಊರಿನ ಕೆಲಸವೆಲ್ಲ ಅದರ ತಲೆಯ ಮೇಲೇ ಇದೆಯೇನೋ ಅನ್ನಿಸಬೇಕು.

ಅದು ಮನೆಗೆ ಬಂದದ್ದು ನನ್ನ ಹೆಂಡತಿಯ ಭುಜದಿಂದಾಗಿ. ಅವಳು ಹಗರಿಬೊಮ್ಮನಹಳ್ಳಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಬೆಳಿಗ್ಗೆ ಏಳರ ಬಸ್ಸಿಗೆ ಹೋದರೆ ಮನೆಗೆ ಬರುವಾಗ ದೀಪ ಹಚ್ಚುವ ಹೊತ್ತು. ಒಂದು ದಿನ ಬಲ ಭುಜ ಹಿಡಿದುಕೊಂಡಿತು, ತಲೆ ಬಾಚಲೂ ಕೈ ಮೇಲೇಳಲಿಲ್ಲ. ಅವಳ ಆಸ್ಪತ್ರೆಯ ಡಾಕ್ಟರೇ ನೋಡಿ, ಇನ್ನು ಮೇಲೆ ಬಟ್ಟೆ ಹಿಂಡಬಾರದು, ಕೊಡ ಎತ್ತಬಾರದು ಎಂದರು. ಮಷೀನು ತಂದೆವು. ತಂದ ಮೇಲೆ ಗೊತ್ತಾಯಿತು, ನೀರು ತುಂಬಿದ ಬಟ್ಟೆಯನ್ನು ಎಡದಿಂದ ಬಲಕ್ಕೆ ಎತ್ತುವುದೂ ಆ ಭುಜದ ಕೈಲಾಗದ ಕೆಲಸ ಎಂದು. ಹಾಗಾದರೆ ಯಾರು ಎತ್ತಬೇಕು? ಮನೆಯಲ್ಲಿ ಉಳಿದವರು ಎಂಬತ್ತು ದಾಟಿದ ನಮ್ಮವ್ವ, ಮತ್ತೆ ನಾನು.

ತಾಲೂಕು ಕಚೇರಿಯ ಎದುರು ಜನರಿಗೆ ಅರ್ಜಿ ಬರೆದುಕೊಡುವುದು ನನ್ನ ಕೆಲಸ. ಖಾತೆ ಬದಲಾವಣೆ, ವಿಧವಾ ವೇತನ, ಪಹಣಿಯಲ್ಲಿ ಹೆಸರು ತಪ್ಪಾಗಿದೆ ಎನ್ನುವ ಗೋಳು, ಎಲ್ಲ ನನ್ನ ಪೆನ್ನಿನಿಂದಲೇ ಹೋಗಬೇಕು. 'ಮಾನ್ಯರೇ' ಎಂದು ಬರೆದೂ ಬರೆದೂ ಸವೆದ ಈ ಕೈಗೆ ಐವತ್ತೈದನೆಯ ವಯಸ್ಸಿನಲ್ಲಿ ಹೊಸ ಕಸುಬು ಬಂತು. ಮಾಳಿಗೆಯ ಮೇಲೆ ಹೆಂಡತಿಯ ಸೀರೆ ಹರವುತ್ತಿದ್ದರೆ ಪಕ್ಕದ ಮನೆಯ ಅಕ್ಕ ತನ್ನ ಮಾಳಿಗೆಯಿಂದ, "ಏನ್ರೀ, ನಿರಿಗಿ ಹಿಡದು ಒಣಾಕ್ತೀರಲ್ರೀ! ನಮ್ಮನಿಯವ್ರಿಗೂ ಒಂದೀಟು ಕಲಸ್ರಿ" ಎನ್ನುತ್ತಿದ್ದಳು. "ಕಳಸ್ರಿ, ಕಲಸ್ತೀನಿ" ಎನ್ನುತ್ತಿದ್ದೆ. ನಗು ಬರುತ್ತಿದ್ದದ್ದು ಮೊದಮೊದಲು ಮಾತ್ರ.

ನಮ್ಮೂರಿನ ನೀರಿನ ಕಥೆಯನ್ನೂ ಹೇಳದೆ ಈ ಮಷೀನಿನ ಕಥೆ ಹೇಳಲಿಕ್ಕಾಗದು. ನಲ್ಲಿಯಲ್ಲಿ ಹೊಳೆ ನೀರು ಬರುವುದು ವಾರಕ್ಕೊಮ್ಮೆ, ಅದೂ ಅದರ ಮನಸ್ಸು ಬಂದಾಗ. ಉಳಿದ ದಿನ ಬೋರಿನ ನೀರು. ಸೋಪು ಹಾಕಿದರೆ ನೊರೆ ಬರುವುದಿಲ್ಲ, ಬಿಟ್ಟರೆ ಬಿಳಿ ಸುಣ್ಣ ಕಟ್ಟುತ್ತದೆ. ಕೊಡ, ನಲ್ಲಿ, ನಮ್ಮ ಹಲ್ಲು, ಯಾವುದನ್ನೂ ಅದು ಬಿಟ್ಟಿಲ್ಲ. ಮಷೀನನ್ನು ಬಿಡುತ್ತದೆಯೇ? ಆರು ತಿಂಗಳಿಗೇ ನಿಂತುಹೋಯಿತು. ಬಸ್‌ಸ್ಟ್ಯಾಂಡಿನ ಹತ್ತಿರ ಮಿಕ್ಸಿ, ಮೋಟಾರು ರಿಪೇರಿ ಮಾಡುವ ಮೇಸ್ತ್ರಿ ಬಂದು ಬಿಚ್ಚಿದ. ಮುಸಲ್ಮಾನರವನು, ನನಗಿಂತ ನಾಲ್ಕೈದು ವರ್ಷ ಚಿಕ್ಕವ. ಒಳಗಿನ ಸುಣ್ಣವನ್ನು ಉಗುರಿನಿಂದ ಕೆರೆದು ನನಗೆ ತೋರಿಸಿ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದ: "ಅಣ್ಣಾರ, ತಿಂಗಳಿಗೊಮ್ಮಿ ನಿಂಬಿ ಉಪ್ಪು ಹಾಕಿ ಬರೇ ಬಿಸಿನೀರು ತಿರುಗಸ್ರಿ. ನೂಲು ಹಿಡಿಯೋ ಚೀಲ ವಾರಕ್ಕೊಮ್ಮಿ ಬ್ರಷ್ ಹಚ್ಚಿ ತೊಳೀರಿ. ಕೆಲಸ ಮುಗದ ಮ್ಯಾಲ ಎರಡೂ ಮುಚ್ಚಳ ತಗದಿಡ್ರಿ. ಗಾಳಿ ಆಡ್ಲಿಲ್ಲಾಂದ್ರ ನಾರತೈತಿ."

ಅವನು ಹೇಳಿದ್ದನ್ನೆಲ್ಲ ಮಾಡಿದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚೀಲ ಉಜ್ಜಿದೆ. ಸೀರೆಯನ್ನು ಉಂಡೆ ಮಾಡಿ ತುರುಕದೆ ಬುಟ್ಟಿಯ ಸುತ್ತ ಸಮನಾಗಿ ಜೋಡಿಸುವುದನ್ನು ಕಲಿತೆ. ಇಲ್ಲದಿದ್ದರೆ ಮಷೀನು ಬಚ್ಚಲ ತುಂಬ ಕುಣಿಯುತ್ತದೆ. ಜೇಬು, ಸೆರಗಿನ ಗಂಟು ನೋಡದೆ ಏನನ್ನೂ ಹಾಕುತ್ತಿರಲಿಲ್ಲ, ಯಾಕೆಂದರೆ ನಮ್ಮವ್ವ ಸೆರಗಿನ ಗಂಟಿನಲ್ಲಿ ಅಡಿಕೆ, ಲವಂಗ, ಕೆಲವೊಮ್ಮೆ ಗುಳಿಗೆ ಕೂಡ ಇಟ್ಟುಕೊಳ್ಳುತ್ತಿದ್ದಳು. ಒಟ್ಟಿನಲ್ಲಿ ಹೆತ್ತವ್ವನ ಮೈ ಮುಟ್ಟಿ ನೋಡಿದ್ದಕ್ಕಿಂತ ಹೆಚ್ಚು ಸಲ ಆ ಮಷೀನಿನ ಮೈ ಮುಟ್ಟಿ ನೋಡಿದ್ದೇನೆ. ಇದು ಹೆಮ್ಮೆಯಿಂದ ಹೇಳುವ ಮಾತಲ್ಲ.

ಅವ್ವನಿಗೆ ಕಳೆದ ವರ್ಷದಿಂದ ಮಲಗಿದಲ್ಲೇ ಒದ್ದೆಯಾಗಲು ಶುರುವಾಯಿತು. ಮೊದಲು ಅಪರೂಪಕ್ಕೊಮ್ಮೆ, ಆಮೇಲೆ ವಾರಕ್ಕೆ ನಾಲ್ಕು ದಿನ. ಕೆಲವು ದಿನ ಬರೀ ಒದ್ದೆಯಷ್ಟೇ ಅಲ್ಲ. ಹೆಂಡತಿಯ ಭುಜ ಹಾಗೆ, ಆದ್ದರಿಂದ ಅದೂ ನನ್ನ ಪಾಲಿಗೇ ಬಂತು. ಎರಡು ಬಕೆಟ್ಟು ಮಾಡಿದೆ. ನೀಲಿಯದು ನಮ್ಮಿಬ್ಬರ ಬಟ್ಟೆಗೆ, ಕೆಂಪು ಅವ್ವನದಕ್ಕೆ. ಕೆಂಪು ಬಕೆಟ್ಟಿನದನ್ನು ಮೊದಲು ಕೈಯಿಂದ ಜಾಲಾಡಿ, ಆಮೇಲೆ ಬೇರೆಯಾಗಿ ಮಷೀನಿಗೆ ಹಾಕಿ, ಆಮೇಲೆ ಮಷೀನನ್ನೇ ಮತ್ತೊಮ್ಮೆ ತೊಳೆದು, ಆಮೇಲೆ ಸ್ನಾನ ಮಾಡಿ, ಕಚೇರಿ ತೆರೆಯುವುದರೊಳಗೆ ಮೇಜಿನ ಮುಂದೆ ಕೂರಬೇಕು. ಬೋರಿನ ನೀರಿನಲ್ಲಿ ಎಷ್ಟು ಉಜ್ಜಿದರೂ ವಾಸನೆ ಬಿಡದು. ಅರ್ಜಿ ಬರೆಯುವಾಗ ಎದುರು ಕೂತವರು ಮೂಗು ಉಜ್ಜಿಕೊಂಡರೆ ನನ್ನ ಅಂಗಿಯ ಕಡೆಗೇ ನನ್ನ ಅನುಮಾನ.

ಒಂದು ದಿನ ಬಾಯಿ ಜಾರಿತು. ಜಾರಿತು ಎನ್ನುವುದೂ ಸುಳ್ಳೇ, ಬೇಕೆಂದೇ ಅಂದೆ. ಹೆಂಡತಿ ಕೆಲಸಕ್ಕೆ ಹಾಕಿಕೊಂಡು ಹೋಗುವ ಬಿಳಿ ಕೋಟು ಮೂಸಿ ನೋಡಿ, "ಇದು ಯಾಕ ಹಿಂಗ ನಾರತೈತ್ರಿ?" ಎಂದಳು. ನನಗೆ ನೆತ್ತಿಗೇರಿತು. "ನಾರದ ಏನ್ಮಾಡತೈತಿ? ಅವ್ವಂದು ಹಾಕಿ ಹಾಕಿ ಮಷೀನಾ ನಾರಾಕ ಹತ್ತೈತಿ. ಹೊಲಸೆಲ್ಲಾ ಅದಕ್ಕ ತುರುಕಿದ್ರ ಅದಾದ್ರೂ ಎಷ್ಟು ದಿನ ಬಾಳತೈತಿ?" ಎಂದು ಬಚ್ಚಲಿನಿಂದಲೇ ಕೂಗಿದೆ. ಅವ್ವ ನಡುಮನೆಯಲ್ಲಿ ಜಪಮಣಿ ಹಿಡಿದು ಕೂತಿದ್ದಳು. ಅವಳಿಗೆ ಕಿವಿ ಮಂದ ಎಂದು ನಾವು ತಿಳಿದುಕೊಂಡಿದ್ದೆವು.

ಅದಾದ ನಂತರ ಏನಾಯಿತೋ, ಕೆಂಪು ಬಕೆಟ್ಟು ಖಾಲಿಯಾಗತೊಡಗಿತು. ವಾರಕ್ಕೆ ಒಂದು ಸೀರೆ, ಹೊದೆಯುವ ಒಂದು ದುಪ್ಪಟಿ, ಅಷ್ಟೇ, ಅದೂ ಒದ್ದೆಯಾದದ್ದಲ್ಲ. ಅದೇ ಸುಮಾರಿಗೆ ಡಾಕ್ಟರು ಅವ್ವನಿಗೆ ಒಂದು ಹೊಸ ಗುಳಿಗೆ ಬರೆದುಕೊಟ್ಟಿದ್ದರು. ಆಹಾ, ಎಂಥಾ ಗುಳಿಗೆ ಎಂದುಕೊಂಡೆ. ಎದುರು ಸಿಕ್ಕಾಗ ಡಾಕ್ಟರಿಗೆ ಕೈ ಮುಗಿದೆ ಕೂಡ.

ಆ ಸೋಮವಾರ ಬೆಳಕು ಹರಿಯುತ್ತಿದ್ದ ಹಾಗೆ ಪಕ್ಕದ ಮನೆಯ ಅಕ್ಕ, "ನೀರು ಬಂದಾವ್ರೀ!" ಎಂದು ಕೂಗಿದಳು. ಹಾಸಿಗೆಯಿಂದ ಎದ್ದವನೇ ಎರಡು ಕೊಡ ಹಿಡಿದು ಬಚ್ಚಲಿಗೆ ಓಡಿದೆ. ಅವ್ವ ಬಚ್ಚಲ ಬಾಗಿಲಲ್ಲಿ ಎದುರಾದಳು. ಮೈ ತುಂಬ ಸೆರಗು ಹೊದ್ದು, ಎರಡೂ ಕೈಯನ್ನು ಸೆರಗಿನೊಳಗೆ ಎದೆಗವಚಿಕೊಂಡಿದ್ದಳು.

"ಇಷ್ಟು ಲಗೂನ ಯಾಕ ಎದ್ದಿ?"

"ಮಾರಿ ತೊಳಕೊಂಡ್ನೆಪ್ಪ."

"ಸರಿ ಸರಿ, ದಾರಿ ಬಿಡು. ನೀರು ನಿಂತು ಹೋದಾವು."

ಅವಳು ಗೋಡೆ ಹಿಡಿದುಕೊಂಡು ಹಿತ್ತಲ ಕಡೆಗೆ ಹೋದಳು. ನಾನು ಡ್ರಮ್ಮು ತುಂಬಿದೆ, ಕೊಡ ತುಂಬಿದೆ, ಹೊಳೆ ನೀರು ಇರುವಾಗಲೇ ಆಗಲಿ ಎಂದು ವಾರದ ಬಟ್ಟೆಯನ್ನೆಲ್ಲ ಮಷೀನಿಗೆ ಸುರಿದೆ. ಮೊದಲು ನೀಲಿ ಬಕೆಟ್ಟಿನದು, ಆಮೇಲೆ ಕೆಂಪಿನಲ್ಲಿದ್ದ ಒಂದು ಸೀರೆ. ಆ ದಿನ ಸೆರಗಿನ ಗಂಟು ನೋಡಲಿಲ್ಲ. ಒಗೆದದ್ದನ್ನು ಬಲಗಡೆಯ ಬುಟ್ಟಿಗೆ ತುರುಕಿ ಹಿಂಡಲು ಬಿಟ್ಟೆ. ಒಳಗೆ ಕಟ್, ಕಟ್, ಕಟ್ ಎಂದಿತು. ಎರಡು ಗಳಿಗೆ ಹಾಗೇ ಬಡಿದುಕೊಂಡು ಆಮೇಲೆ ತಾನೇ ಸುಮ್ಮನಾಯಿತು. ಯಾವುದೋ ಗುಂಡಿ ಇರಬೇಕು, ಹಾಳಾಗಿ ಹೋಗಲಿ ಎಂದು ಚಹಾ ಕಾಸಲು ಹೋದೆ.

ಹೆಂಡತಿಯನ್ನು ಬಸ್ಸಿಗೆ ಕಳಿಸಿ ಬಂದು ಬಟ್ಟೆ ಒಣಹಾಕುತ್ತಿದ್ದೆ. ಕೆಳಗಿನಿಂದ ಅವ್ವ ಕೂಗಿದಳು. ಇಳಿದು ಬಂದರೆ ದೇವರ ಮಾಡದ ಮುಂದೆ ಮಣೆಯ ಮೇಲೆ ಕೂತಿದ್ದಾಳೆ. ವಿಭೂತಿ, ಪತ್ರೆ, ಸಣ್ಣ ತಂಬಿಗೆಯಲ್ಲಿ ನೀರು ಎಲ್ಲ ಮುಂದಿದೆ. ಬಲಗೈ ಮಾತ್ರ ಕುತ್ತಿಗೆಯ ಹತ್ತಿರವೇ ಇದೆ.

"ಲಿಂಗ ಇಲ್ಲಪ."

ಗೊತ್ತಿಲ್ಲದವರಿಗೆ ಹೇಳಬೇಕು. ಅವಳು ಎರಡು ತಿಂಗಳ ಕೂಸಾಗಿದ್ದಾಗ ಹಿರೇಹಡಗಲಿಯ ತವರುಮನೆಯಲ್ಲಿ ಅಯ್ಯನವರು ಅವಳ ಕೊರಳಿಗೆ ಕಟ್ಟಿದ ಲಿಂಗ ಅದು. ದೊಡ್ಡ ಅಡಿಕೆಯಷ್ಟು ಗಾತ್ರದ ಬೆಳ್ಳಿಯ ಕರಡಿಗೆಯಲ್ಲಿ, ಶಿವದಾರದ ತುದಿಯಲ್ಲಿ, ಎಂಬತ್ತು ವರ್ಷ ಅವಳ ಎದೆಯ ಮೇಲೇ ಇತ್ತು. ದಿನಾ ಬೆಳಿಗ್ಗೆ ಅದನ್ನು ಎಡಗೈಯಲ್ಲಿಟ್ಟು ಪೂಜೆ ಮಾಡಿ, ಅದರ ಮೇಲೆ ಎರೆದ ನೀರನ್ನು ಕುಡಿದ ನಂತರವೇ ಅವಳಿಗೆ ಚಹಾ, ಊಟ. ಜ್ವರ ಬಂದು ಮೈ ಕೆಂಡವಾಗಿದ್ದಾಗಲೂ ಇದನ್ನು ತಪ್ಪಿಸಿದವಳಲ್ಲ. ಲಿಂಗ ಕಳೆದರೆ ಸಿಗುವವರೆಗೆ ಬಾಯಿಗೆ ಹನಿ ನೀರೂ ಹಾಕುವುದಿಲ್ಲ. ಇದು ಹೊಸದಾಗಿ ಹುಟ್ಟಿದ ಹಟವಲ್ಲ, ಅವಳ ಅವ್ವನೂ ಹಾಗೇ ಇದ್ದಳಂತೆ. ಆದರೆ ನಮ್ಮವ್ವನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಗುಳಿಗೆ ನುಂಗಿ ಹೊಟ್ಟೆಗೆ ಹಾಕಿಕೊಳ್ಳಲೇಬೇಕು.

"ಎಲ್ಲಿ ಬಿತ್ತು? ನೆನಪು ಮಾಡ್ಕೊ."

ಅವಳು ನೆಲ ನೋಡುತ್ತಾ, "ಮಷೀನಿನ್ಯಾಗ ನೋಡು" ಎಂದಳು.

ಕಟ್ ಕಟ್ ಸದ್ದು ನೆನಪಾಯಿತು. ಹೆದರಿಕೆಗಿಂತ ಮೊದಲು ಸಿಟ್ಟು ಬಂತು. "ಎಷ್ಟು ಸಲ ಹೇಳೀನಿ ಸೆರಗಿಗೆ ಏನೂ ಕಟ್ಟಬ್ಯಾಡಂತ? ಅಡಿಕಿ ಕಟ್ಟಿದ್ದು ಸಾಲಲಿಲ್ಲಂತ ಲಿಂಗಾನೂ ಕಟ್ಟಿದೇನು?"

"ಹೂಂನಪ್ಪ. ತಪ್ಪಾತು" ಎಂದಳು.

ನಮ್ಮವ್ವ ಇಷ್ಟು ಸುಲಭವಾಗಿ ತಪ್ಪು ಒಪ್ಪಿಕೊಂಡವಳೇ ಅಲ್ಲ. ಅದು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಒಣಹಾಕಿದ ಬಟ್ಟೆಯನ್ನೆಲ್ಲ ಇಳಿಸಿ ಒಂದೊಂದಾಗಿ ಝಾಡಿಸಿದೆ. ತೊಟ್ಟಿ ನೋಡಿದೆ, ಬುಟ್ಟಿ ನೋಡಿದೆ, ನೂಲಿನ ಚೀಲ ತಿರುವಿ ಹಾಕಿದೆ. ಇಲ್ಲ. ಮೇಸ್ತ್ರಿಗೆ ಫೋನು ಮಾಡಿದರೆ ಅವನು ಹೊಸಹಳ್ಳಿಯಲ್ಲಿ ಯಾರದೋ ಹೊಲದ ಮೋಟಾರು ಬಿಚ್ಚಿಕೊಂಡು ಕೂತಿದ್ದ. "ಮಧ್ಯಾಹ್ನದ ಮ್ಯಾಲ ಬರ್ತೀನ್ರಿ. ನಾ ಬರೋತನಕ ನೀವು ಕೈ ಹಾಕಬ್ಯಾಡ್ರಿ ಅಣ್ಣಾರ, ನಿಮಗ ಕೈ ಮುಗೀತೀನಿ" ಎಂದ.

ಕೈ ಹಾಕಿದೆ. ಅವ್ವ ಮಣೆ ಬಿಟ್ಟು ಏಳದೆ ಕೂತಿದ್ದಾಗ ಸುಮ್ಮನಿರುವುದು ಹೇಗೆ? ಒಗೆಯುವ ತೊಟ್ಟಿಯ ತಳದಲ್ಲಿ ತಿರುಗುವ ಚಕ್ರ ಇರುತ್ತದಲ್ಲ, ಅದರ ನಡುವಿನ ಸ್ಕ್ರೂ ಸುಣ್ಣ ಕಟ್ಟಿ ಕಲ್ಲಾಗಿತ್ತು. ಬಿಸಿ ನೀರು ಹೊಯ್ದೆ, ಎಣ್ಣೆ ಬಿಟ್ಟೆ, ಕೊನೆಗೆ ಸುತ್ತಿಗೆಯಿಂದ ಏಟು ಹಾಕಿದೆ. ಸ್ಕ್ರೂವಿನ ತಲೆ ಮುರಿದು ಚಕ್ರ ಕೈಗೆ ಬಂದಾಗ ಹತ್ತೂವರೆ ದಾಟಿತ್ತು. ಅಡಿಯಲ್ಲಿ ಕರಿ ಲೋಳೆ. ಲೋಳೆಯಲ್ಲಿ ಹೇರ್‌ಪಿನ್ನು, ಅಂಗಿ ಗುಂಡಿ, ಹೆಂಡತಿ ಹುಡುಕಿ ಹುಡುಕಿ ಬಿಟ್ಟಿದ್ದ ಒಂದು ಕಾಲುಂಗುರ, ನನ್ನ ಪೆನ್ನಿನ ಮುಚ್ಚಳ. ಮೂಲೆಯಲ್ಲಿ ದುಂಡಗೆ ಹೊಳೆಯುವುದೊಂದು ಕಂಡಿತು. "ಅವ್ವಾ, ಸಿಕ್ತು!" ಎಂದು ಕೂಗಿಯೇ ಬಿಟ್ಟೆ. ತೊಳೆದು ನೋಡಿದರೆ ಕೆಮ್ಮಿನ ಔಷಧಿಯ ಬಾಟಲಿಯ ಮುಚ್ಚಳ. ಅವ್ವ ಬಚ್ಚಲ ಬಾಗಿಲವರೆಗೆ ಬಂದಿದ್ದವಳು ಅದನ್ನು ನೋಡಿ, ಹಿಂದಕ್ಕೆ ಹೋಗಿ ಮತ್ತೆ ಮಣೆಯ ಮೇಲೆ ಕೂತಳು.

ಕೊಟ್ಟೂರಿನಲ್ಲಿರುವ ನಮ್ಮ ಮನೆತನದ ಅಯ್ಯನವರಿಗೆ ಫೋನು ಹಚ್ಚಿದೆ. ಅವರು ಬಹಳ ಸಮಾಧಾನದ ಮನುಷ್ಯರು. "ವಯಸ್ಸಾದವರು, ಕಾಯಿಲಿ ಐತಿ. ನಾಳೆ ನಾನಾ ಬಂದು ಹೊಸಾ ಲಿಂಗ ಕಟ್ತೀನಿ. ಅಲ್ಲೀತನ ನೀರು ಕುಡದ್ರ ದೋಷಿಲ್ಲಂತ ನಾ ಹೇಳೀನಿ ಅನ್ನು" ಎಂದರು. ಅವ್ವನಿಗೆ ಹೇಳಿದೆ. "ಅವರಿಗೆ ಶರಣು ಹೇಳು. ನನ್ನದು ಸಿಕ್ಕ ಮ್ಯಾಲ ಕುಡೀತೀನಿ" ಎಂದಳು.

ಹನ್ನೆರಡರ ಹೊತ್ತಿಗೆ ಹೆಂಡತಿಯ ಫೋನು ಬಂತು. ನಡೆದದ್ದನ್ನೆಲ್ಲ ಹೇಳಿದೆ. ಅವಳು ಬೈಯಲಿಲ್ಲ, ನರ್ಸಿನ ಧ್ವನಿಯಲ್ಲಿ ಕೇಳಿದಳು: "ಬೆವರು ಬರಾಕ ಹತ್ತೈತೇನ್ರಿ? ಕೈ ನಡುಗತಾವೇನು? ಖಾಲಿ ಹೊಟ್ಟಿಗೆ ಗುಳಿಗಿ ಮಾತ್ರ ಕೊಡಬ್ಯಾಡ್ರಿ. ಮೂರು ಗಂಟಿತನ ನೋಡ್ರಿ. ಅತ್ತಿ ಆಗಲೂ ಕುಡೀಲಿಲ್ಲಾಂದ್ರ ಆಟೋದಾಗ ಎತ್ತಿ ಹಾಕ್ಕಂಡು ಆಸ್ಪತ್ರಿಗೆ ನಡೀರಿ, ಗ್ಲೂಕೋಸ್ ಏರಿಸ್ತಾರ. ಬೈದ್ರ ಬೈಸ್ಕೊಳ್ರಿ."

ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಅವ್ವನ ಎದುರು ಕಂಬಕ್ಕೆ ಒರಗಿ ಕೂತೆ. ಶಿವರಾತ್ರಿ ಆಗತಾನೆ ಮುಗಿದಿತ್ತು, ಬಿಸಿಲು ಆಗಲೇ ಬಾಯಿ ಬಿಟ್ಟಿತ್ತು. ಅವಳ ತುಟಿಗಳು ಒಣಗಿ ಬೆಳ್ಳಗಾಗಿದ್ದವು. ಕಣ್ಣು ಮುಚ್ಚಿದ್ದಳು, ಬೆರಳು ಮಾತ್ರ ಖಾಲಿ ಕುತ್ತಿಗೆಯ ಮೇಲೆ ಆಡುತ್ತಿತ್ತು. ನನ್ನ ಕೈಯೆಲ್ಲ ಕರಿ ಲೋಳೆ. ಮೈಯಲ್ಲಿ ಶಕ್ತಿ ಇರಲಿಲ್ಲ. ಸುಳ್ಳು ಹೇಳುವುದಿಲ್ಲ, ಆ ಹೊತ್ತಿನಲ್ಲಿ ಒಂದು ವಿಚಾರ ಬಂದು ಹೋಯಿತು. ಹೀಗೇ ಕೂತಲ್ಲೇ ಮುಗಿದರೆ ಅವಳಿಗೂ ಸುಖ, ನನಗೂ ಇನ್ನು ಆ ಬಕೆಟ್ಟು ಇರುವುದಿಲ್ಲ ಎಂದು. ಥೂ ನಿನ್ನ ಎಂದು ನನಗೆ ನಾನೇ ಉಗಿದುಕೊಂಡೆ. ಆದರೆ ಬಂದದ್ದು ಬಂದದ್ದೇ.

ಎರಡು ಗಂಟೆ ಆಗಿ ಹೋದ ಮೇಲೆ ಮೇಸ್ತ್ರಿಯ ಬೈಕಿನ ಸದ್ದು ಕೇಳಿಸಿತು. ಮುಖವೆಲ್ಲ ಕೆಂಪು ಧೂಳು. ಒಳಗೆ ಬಂದವನಿಗೆ ನೀರಿನ ತಂಬಿಗೆ ಹಿಡಿದೆ. ಕೈ ಅಡ್ಡ ಮಾಡಿದ.

"ಬ್ಯಾಡ್ರಿ ಅಣ್ಣಾರ, ರೋಜಾ ಐತಿ."

ಅವ್ವ ಕಣ್ಣು ಬಿಟ್ಟಳು. "ಏನಂದನವ?"

"ರಂಜಾನಿನ ಉಪಾಸ ಅದಾನ. ಬೆಳಗಿನಿಂದ ನೀರು ಕುಡದಿಲ್ಲ."

"ಈ ಬಿಸಲಾಗ ಹೊಸಳ್ಳಿಯಿಂದ ಗಾಡಿ ಮ್ಯಾಲ ಬಂದೇನಪ್ಪ?" ಎಂದು ಅವನನ್ನೇ ಕೇಳಿದಳು. "ಹೂನ್ರಿ ಅಮ್ಮ. ನೀವೂ ಕುಡದಿಲ್ಲಂತಲ್ಲ" ಎಂದ ಅವನು. ಇಬ್ಬರೂ ಒಬ್ಬರನ್ನೊಬ್ಬರು ಒಂದು ಗಳಿಗೆ ನೋಡಿಕೊಂಡರು. ತಂಬಿಗೆ ಹಿಡಿದುಕೊಂಡು ನಡುವೆ ನಿಂತವನು ನಾನೊಬ್ಬನೇ, ಎರಡು ಸಲ ಚಹಾ ಕುಡಿದವನು.

ಬಚ್ಚಲಿಗೆ ಬಂದು ನಾನು ಬಿಚ್ಚಿ ಹರಡಿದ್ದನ್ನು ಕಂಡು ಅವನು ಹಣೆ ಬಡಿದುಕೊಂಡ. "ಅಯ್ಯಯ್ಯ, ಇದನ್ನ್ಯಾಕ ಬಿಚ್ಚಿದ್ರಿ? ಸದ್ದು ಯಾವಾಗ ಬಂತು, ಒಗಿಯೋವಾಗೋ ಹಿಂಡೋವಾಗೋ?"

"ಹಿಂಡೋವಾಗ."

"ಹಿಂಡೋವಾಗ ಬಂದ್ರ ಹಿಂಡೋ ಕಡಿ ನೋಡಬೇಕಲ್ರಿ! ಒಗಿಯೋ ಕಡಿದು ಏನು ತಪ್ಪು ಮಾಡಿತ್ತು ಪಾಪ?"

ನಿಜ. ಊರಿನವರ ಅರ್ಜಿಯಲ್ಲಿ ಒಂದು ಒತ್ತು ತಪ್ಪಿದರೆ ಹಿಡಿಯುವ ಮನುಷ್ಯ ನಾನು. ನನ್ನ ತಲೆಗೆ ಇಷ್ಟು ಹೊಳೆದಿರಲಿಲ್ಲ.

ಅವನು ಮಷೀನಿನ ಬೆನ್ನಿನ ತಗಡು ಬಿಚ್ಚಿದ. ಕೆಳಗೆ ಕೈ ತೂರಿಸಿ ಏನೋ ಸಡಿಲಿಸಿದ. ಆಮೇಲೆ ಮೇಲಿನಿಂದ ಬುಟ್ಟಿಯನ್ನು ಎರಡೂ ಕೈಯಿಂದ ಅಲ್ಲಾಡಿಸಿ ಅಲ್ಲಾಡಿಸಿ ಮೇಲಕ್ಕೆಳೆದ. ಬುಟ್ಟಿ ಬಂತು. ಅದರ ಹೊರಗಿನ ಡಬ್ಬಿಯ ತಳದಲ್ಲಿ ಒಂದು ಬೆರಳು ನೀರು ನಿಂತಿತ್ತು. ಟಾರ್ಚು ಹಿಡಿದು ಬಗ್ಗಿ ನೋಡಿದವನು ಕೈ ಹಿಂದಕ್ಕೆ ತೆಗೆದುಕೊಂಡ.

"ಅಮ್ಮಾ, ಇಲ್ಲಿ ಬರ್ರಿ. ಐತ್ರಿ."

ನಾನು ಅವ್ವನ ರಟ್ಟೆ ಹಿಡಿದು ಕರೆತಂದೆ. ನೀರಿನಲ್ಲಿ ಕರಡಿಗೆ ಬಿದ್ದಿತ್ತು, ಶಿವದಾರ ತಳದ ಮೊಳೆಯೊಂದಕ್ಕೆ ಸುತ್ತಿಕೊಂಡಿತ್ತು. "ನಾ ತಗೀಲೋ, ನಿಮ್ಮ ಮಗ ತಗೀಲೋ?" ಎಂದು ಮೇಸ್ತ್ರಿ ಕೇಳಿದ.

"ನೀನಾ ತಗಿಯಪ್ಪ. ನೀನೂ ಉಪಾಸ, ನಾನೂ ಉಪಾಸ. ಇವನ ಕೈ ಹೊಲಸಾಗ್ಯಾವು" ಎಂದಳು ಅವ್ವ.

ಅವನು ನಲ್ಲಿಯ ಹತ್ತಿರ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು ಬಂದ. ದಾರವನ್ನು ಹರಿಯದ ಹಾಗೆ ಬಿಡಿಸಿ, ಕರಡಿಗೆಯನ್ನು ಎರಡೂ ಅಂಗೈಯಲ್ಲಿಟ್ಟು ಅವ್ವನ ಮುಂದೆ ಹಿಡಿದ. ಬೆಳ್ಳಿ ಒಂದು ಕಡೆ ನೆಗ್ಗಿತ್ತು. ಅವ್ವ ಮುಚ್ಚಳ ತೆಗೆದು ನೋಡಿದಳು. ಒಳಗೆ ಲಿಂಗ ಇದ್ದ ಹಾಗೇ ಇತ್ತು. ಅವಳು ಅದನ್ನು ಕಣ್ಣಿಗೊತ್ತಿಕೊಂಡು, "ನಿನ್ನ ಹೊಟ್ಟಿ ತಣ್ಣಗಿರಲಿ" ಎಂದಳು. ನನಗೆ ಉಸಿರು ಬಂತು.

ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮೇಸ್ತ್ರಿ ಬುಟ್ಟಿ ಒರೆಸುತ್ತಾ ತನ್ನ ಕಸುಬಿನ ಮಾತೆಂದೇ ಹೇಳಿದ: "ಆದ್ರ ಅಣ್ಣಾರ, ಇದು ಸೀರಿ ಕೂಡ ಬಂದಿದ್ದಲ್ಲ. ಸೀರ್‍ಯಾಗ ಇದ್ದಿದ್ರ ಬುಟ್ಟಿ ಒಳಗ ಉಳೀತಿತ್ತು. ಇದು ಬುಟ್ಟಿ ಹೊರಗಿನ ಸಂದಿನ್ಯಾಗ ಬಿದ್ದೈತಿ. ಮುಚ್ಚಳ ತಗದಿದ್ದಾಗ ಯಾರೋ ಅಂಚಿಗೆ ತೂಗುಹಾಕ್ಯಾರ. ನೀವು ಅರಿವಿ ತುರುಕೋವಾಗ ಜಾರೇತಿ."

ನಾನು ಅವ್ವನ ಮುಖ ನೋಡಿದೆ. ಅವಳು ಕರಡಿಗೆಯ ನೆಗ್ಗಿದ ಜಾಗವನ್ನು ಹೆಬ್ಬೆರಳಿನಿಂದ ತಿಕ್ಕುತ್ತಿದ್ದಳು.

"ನಾನಾ ಇಟ್ಟಿದ್ದೆ" ಎಂದಳು. "ಮಷೀನು ಹೊಲಸಾಗತೈತಿ ಅಂದಿದ್ದೆಲ್ಲಪ್ಪ ನೀನು. ಅವತ್ತಿನಿಂದ ನನ್ನವು ನಾನಾ ಬಚ್ಚಲ ಕಲ್ಲಿನ ಮ್ಯಾಲ ಒಗದು ಹಾಕ್ತೀನಿ, ನೀವು ಏಳೋದರಾಗ. ಹೇಲು ಉಚ್ಚಿ ಮುಟ್ಟೋ ಕೈಗೆ ಲಿಂಗ ತಾಕಬಾರದಲ್ಲ, ಬಗ್ಗಿದ್ರ ಅದು ಜೋತು ಬೀಳತೈತಿ. ಅದಕ್ಕ ಬಿಚ್ಚಿ ಮಷೀನಿನ್ಯಾಗ ಇಡ್ತಿದ್ದೆ. ಮನಿಯಾಗ ಹೊಲಸ ತಾಕದ ಜಾಗ ಅಂದ್ರ ಅದಾ ಒಂದು ಅಂದ್ಕಂಡೆ. ಇವತ್ತು ನೀ ಓಡಿ ಬಂದೆಲ್ಲ, ಮರತು ಹೋತು."

"ಮುಂಜಾನಿಗೇ ಹೇಳಬಾರದಾಗಿತ್ತೇನವ್ವ?"

"ಹೆಂಗ ಹೇಳಲಿ? ಒಗದಿದ್ದು ಗೊತ್ತಾಗತಿತ್ತಲ್ಲ."

ಮೇಸ್ತ್ರಿ ಎದ್ದು, "ಗಾಡ್ಯಾಗ ಸ್ಕ್ರೂ ಅದಾವು, ತರ್ತೀನಿ" ಎಂದು ಹೊರಗೆ ಹೋದ. ಸ್ಕ್ರೂಗಳ ಡಬ್ಬಿ ಅವನು ಕೂತಿದ್ದಲ್ಲೇ ಇತ್ತು.

ಅವ್ವ ಪೂಜೆಗೆ ಕೂತಳು. ನಾನು ಹಿತ್ತಲಿಗೆ ಹೋದೆ. ಕಟ್ಟಿಗೆಯ ಒಟ್ಟಿಲಿನ ಹಿಂದೆ, ಕಾಂಪೌಂಡ್ ಗೋಡೆಗೆ ಅಂಟಿದ ಹಾಗೆ, ಸೊಂಟದೆತ್ತರದಲ್ಲಿ ಒಂದು ಸಣ್ಣ ಹಗ್ಗ. ಮಾಳಿಗೆಯಿಂದ ನೋಡಿದರೂ ಕಾಣದ ಜಾಗ. ಹಗ್ಗದ ಮೇಲೆ ಅವಳ ಲಂಗ, ಹಳೆಯ ಸೀರೆ ಹರಿದು ಮಾಡಿಕೊಂಡ ತುಂಡುಗಳು, ಒಂದು ದುಪ್ಪಟಿ. ಹಿಂಡಲು ಅವಳ ಕೈಯಲ್ಲಿ ಬಲವಿಲ್ಲ, ಒಂದೊಂದರ ತುದಿಯಲ್ಲಿಯೂ ನೀರು ಇಳಿದ ಗೆರೆ. ಕಲೆ ಪೂರ್ತಿ ಹೋಗಿರಲಿಲ್ಲ. ಬೆಳಿಗ್ಗೆ ಸೆರಗಿನಲ್ಲಿ ಅವಚಿಕೊಂಡು ತಂದದ್ದು ಬೋರಲು ಹಾಕಿದ ಪುಟ್ಟಿಯ ಅಡಿಯಲ್ಲಿ ಹಸಿ ಮುದ್ದೆಯಾಗಿ ಬಿದ್ದಿತ್ತು. ಎಷ್ಟು ವಾರವಾಯಿತು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟೆ. ಡಾಕ್ಟರಿಗೆ ಕೈ ಮುಗಿದದ್ದು ನೆನಪಾಗಿ ಅಲ್ಲೇ ಕಟ್ಟಿಗೆಯ ಮೇಲೆ ಕೂತುಬಿಟ್ಟೆ. ಅಳು ಬಂತು, ಅತ್ತೆ. ಐವತ್ತೈದರ ಗಂಡಸು ಹಿತ್ತಲಲ್ಲಿ ಕೂತು ಅತ್ತರೆ ಯಾರಿಗೇನು?

ಒಳಗೆ ಬರುವ ಹೊತ್ತಿಗೆ ಅವ್ವ ನೀರು ಕುಡಿದಿದ್ದಳು. ಬೆಳಗಿನ ಅಂಬಲಿಗೆ ಮಜ್ಜಿಗೆ ಬೆರೆಸಿ ದೊಡ್ಡ ಲೋಟದಲ್ಲಿ ಕೊಟ್ಟೆ. ಮೇಸ್ತ್ರಿ ಮುರಿದ ಸ್ಕ್ರೂವಿಗೆ ಬೇರೆಯದು ಹಾಕಿ ಎಲ್ಲ ಜೋಡಿಸಿದ್ದ. "ಒಮ್ಮಿ ತಿರುಗಿಸಿ ನೋಡ್ರಿ, ಏನರ ಹಾಕಿ" ಎಂದು ಹೇಳಿ, ಹೊತ್ತು ಮುಳುಗುವುದರೊಳಗೆ ಮನೆ ಸೇರಬೇಕೆಂದು ಹೊರಟ. ಅವ್ವ ಬಾಗಿಲವರೆಗೆ ಹೋಗಿ, "ಉಪಾಸ ಬಿಟ್ಟ ಮ್ಯಾಲ ಹೊಟ್ಟಿ ತುಂಬ ಉಣ್ಣಪ್ಪ" ಎಂದಳು.

ಹಿತ್ತಲಿನಿಂದ ಎಲ್ಲವನ್ನೂ ತಂದೆ. ಹಗ್ಗದ ಮೇಲಿದ್ದದ್ದು, ಪುಟ್ಟಿಯ ಅಡಿಯದ್ದು, ಎಲ್ಲ. ಕೆಂಪು ಬಕೆಟ್ಟಿನಲ್ಲಿ ಜಾಲಾಡಿ ಮಷೀನಿಗೆ ಹಾಕಿದೆ. ಡ್ರಮ್ಮಿನ ಹೊಳೆ ನೀರು ಸುರಿದೆ. ಅವ್ವ ಅಂಬಲಿಯ ಲೋಟ ಹಿಡಿದು ಬಚ್ಚಲ ಹೊಸ್ತಿಲ ಮೇಲೆ ಬಂದು ಕೂತಿದ್ದಳು. ಲಿಂಗ ಎದೆಯ ಮೇಲಿತ್ತು. "ಬ್ಯಾಡ ಬಿಡಪ್ಪ, ನಾ ಒಗೀತಿದ್ದೆ" ಎಂದಳು. ನನ್ನ ಮೈಮೇಲಿನ ಅಂಗಿ ಬಿಚ್ಚಿದೆ, ಬನಿಯನ್ ಬಿಚ್ಚಿದೆ, ಗೂಟದ ಮೇಲಿದ್ದ ನನ್ನ ಬಿಳಿ ಲುಂಗಿ ತೆಗೆದುಕೊಂಡೆ. ಮೂರನ್ನೂ ಅವಳ ಬಟ್ಟೆಯ ಮೇಲೆ ಹಾಕಿ ಕೈಯಿಂದ ಒಳಗೆ ಅದುಮಿದೆ. ಮಷೀನು ತಿರುಗತೊಡಗಿತು.

"ನನ್ನವೂ ನಿನ್ನವೂ ಕೂಡೇ ಹಾಕಿದೇನು?"

"ಹೂಂನವ್ವ. ಕೂಡೇ ಹಾಕೀನಿ."

"ನಾರಂಗಿಲ್ಲೇನು?"

"ನಾರಿದ್ರ ಇಬ್ಬರೂ ನಾರೋಣ ಬಿಡು."

ಅವ್ವ ಲೋಟದಲ್ಲಿ ಉಳಿದಿದ್ದ ಅಂಬಲಿಯನ್ನು ಕುಡಿದು ಮುಗಿಸಿದಳು.